ದಿನಾ ವಾಕಿಂಗ್ ಮಾಡ್ತೀನ್ರಿ, ಆದ್ರೂ ನೆಲದಿಂದ ಏಳಾಕ ಯಾಕ ಆಗವಲ್ದು?

ಪ್ರಶ್ನೆ: ನಮಸ್ಕಾರ್ರಿ. ನನಗ 68 ವರ್ಷ. ಹುಬ್ಬಳ್ಳಿ ನವನಗರದಾಗ ಇರ್ತೀವಿ, ಬಸ್ ಡ್ರೈವರ್ ಆಗಿ ರಿಟೈರ್ ಆಗೇನಿ. ಬೀಪಿ, ಶುಗರ್ ಎರಡಕ್ಕೂ ಗುಳಗಿ ನಡದಾವ, ಕಂಟ್ರೋಲ್‌ನಾಗ ಅದಾವ. ದಿನಾ ಮುಂಜಾನೆ ಉಣಕಲ್ ಕೆರಿ ಕಡೆ 45 ನಿಮಿಷ ವಾಕಿಂಗ್ ಮಾಡ್ತೀನಿ, ತಪ್ಪಸೂದಿಲ್ಲ. ಆದ್ರ ಮೊನ್ನೆ ಮಠದಾಗ ಪ್ರಸಾದಕ್ಕ ಕೆಳಗ ಕುಂತು ಏಳಬೇಕಾದ್ರ ಇಬ್ಬರು ರಟ್ಟಿ ಹಿಡದು ಎಬ್ಬಸಬೇಕಾತು, ಭಾಳ ನಾಚಿಕಿ ಆತು. ಬಾಜೂ ಮನಿ ಹಿರ್ಯಾರು ಬಚ್ಚಲದಾಗ ಬಿದ್ದು ತೊಡಿ ಸಂದಿನ ಎಲಬು ಮುರಕೊಂಡಾರ, ಅದನ್ನ ನೋಡಿದ ಮ್ಯಾಲ ಅಂಜಿಕಿನೂ ಬಂದೈತಿ. ಮಗ ಜಿಮ್ಮಿಗೆ ಹೋಗು ಅಂತಾನ, ವಾಕಿಂಗ್ ಗೆಳ್ಯಾರು ದಿನಕ್ಕ 10,000 ಹೆಜ್ಜಿ ಹಾಕು ಅಂತಾರ. ನಮ್ಮ ಮನಿಯಾಕಿಗೆ 63, ಮೊಳಕಾಲ ನೋವು ಐತಿ, ಆಕಿ ನೋಡಿದ್ರ ಈ ವಯಸ್ಸಿನಾಗ ಏನ್ ಜಿಮ್ಮು, ಇದ್ದ ಮೊಳಕಾಲೂ ಸವದು ಹೋಗ್ತಾವ, ನನಗಂತೂ ಮನಿಗೆಲಸಾನ ವ್ಯಾಯಾಮ ಅಂತಾಳ. ಯಾರ ಮಾತು ಕೇಳಬೇಕ್ರಿ?

ಉತ್ತರ: ನಮಸ್ಕಾರ್ರಿ ಹಿರಿಯರ. ಮೊದಲ ಹೇಳಿಬಿಡ್ತೀನಿ, ವಾಕಿಂಗ್ ಮಾತ್ರ ಬಿಡಬ್ಯಾಡ್ರಿ. ಬೀಪಿ, ಶುಗರ್ ಕಂಟ್ರೋಲ್‌ನಾಗ ಅದಾವ ಅಂದ್ರಲ್ಲ, ಅದರಾಗ ಗುಳಗಿ ಜೋಡಿ ಆ 45 ನಿಮಿಷದ್ದೂ ಪಾಲು ಐತಿ. ಆದ್ರ ನೀವು ಕೇಳಿದ್ದು ನೆಲದಿಂದ ಏಳೂದು, ಬೀಳದಂಗ ಇರೂದು. ಇದು ತೊಡಿ ಮತ್ತ ಕುಂಡಿ ಸ್ನಾಯುವಿನ ತಾಕತ್ತಿಗೆ ಸಂಬಂಧಪಟ್ಟದ್ದು, ಇದಕ್ಕ ವಾಕಿಂಗ್ ಒಂದ ಸಾಲೂದಿಲ್ಲ. ನೀವು ಡ್ರೈವರ್ ಇದ್ದವರು, ನಿಮಗ ಲಗೂನ ತಿಳೀತೈತಿ, ಹುಬ್ಬಳ್ಳಿ-ಗದಗ ಸಪಾಟ ರಸ್ತಾದಾಗ ಎಂಥಾ ಗಾಡಿನೂ ಓಡ್ತೈತಿ, ಇಂಜಿನ್ನಿನ ಖರೇ ಹಕೀಕತ್ತು ಗೊತ್ತಾಗೂದು ಅರಬೈಲ್ ಘಾಟ್ ಹತ್ತೂ ಮುಂದ. ಮಠದಾಗ ಕೆಳಗ ಕುಂತು ಎದ್ದಿರಲ್ಲ, ಅದು ಘಾಟು.

ಧಾರವಾಡದಾಗ ಫಿಜಿಯೋಥೆರಪಿ ಮಾಡ್ತೀನಿ ನಾನು, ನಿಮ್ಮಂಥವರು ಭಾಳ ಮಂದಿ ಬರ್ತಾರ, ಎಲ್ಲಾರೂ ಬಂದ ಕೂಡ್ಲೆ ಹೇಳೂದು ಒಂದ, "ನಾ ದಿನಾ ವಾಕಿಂಗ್ ಮಾಡ್ತೀನ್ರಿ ಮತ್ತ". ನಾನು ಆ ಮಾತು ಕೇಳ್ಕೋತ ಅವರು ಖುರ್ಚಿಯಿಂದ ಹೆಂಗ ಏಳ್ತಾರ ಅಂತ ನೋಡ್ತಿರ್ತೀನಿ. ಎರಡೂ ಕೈ ಹಿಡಿಕಿ ಮ್ಯಾಲ ಊರತಾರ, ಹಿಂದ ಮುಂದ ಒಂದೆರಡು ಸಲ ತೂಗ್ತಾರ, ಹೂಂ ಅಂತ ಜೋರ್ ಹಾಕಿ ಮ್ಯಾಲ ಬರ್ತಾರ, ಎದ್ದ ಮ್ಯಾಲೂ ಒಂದು ಕ್ಷಣ ಟೇಬಲ್ ಹಿಡಕೊಂಡ ನಿಂದರ್ತಾರ. ರಿಪೋರ್ಟ್ ಫೈಲ್ ತಗದು ನೋಡೂ ಮೊದಲ ನನಗ ಅರ್ಧ ವಿಷಯ ಅಲ್ಲೇ ತಿಳದಿರ್ತೈತಿ.

ವಿಶ್ವ ಆರೋಗ್ಯ ಸಂಸ್ಥೆಯವರು 2020ರಾಗ ಹೊರಗ ತಂದ ಸಲಹಾದಾಗ 65 ದಾಟಿದವರಿಗೆ ಮೂರು ಮಾತು ಹೇಳ್ಯಾರ. ವಾರಕ್ಕ 150ರಿಂದ 300 ನಿಮಿಷ ಸ್ವಲ್ಪ ಉಸಿರು ಏರೂ ಹಂಗ ಓಡಾಟ, ವಾರಕ್ಕ ಕಮ್ಮೀತ್ ಕಮ್ಮಿ 2 ದಿನ ಸ್ನಾಯುವಿಗೆ ಜೋರ್ ಬೀಳೂ ವ್ಯಾಯಾಮ, ಮತ್ತ 3 ದಿನ ಬ್ಯಾಲೆನ್ಸಿಂದು ತಾಕತ್ತಿಂದು ಕೂಡಿದ ವ್ಯಾಯಾಮ. ನಮ್ಮ ಮಂದಿ ಮೊದಲನೇದಷ್ಟ ಹಿಡದಾರ, ಉಳಿದೆರಡನ್ನ ಯಾರೂ ಅವರಿಗೆ ಹೇಳೇ ಇಲ್ಲ. ಡಾಕ್ಟರು ಚೀಟ್ಯಾಗ "ವಾಕಿಂಗ್" ಅಂತ ಒಂದ ಶಬ್ದ ಬರೀತಾರ, ಮುಗೀತು.

ಆ ಮೊದಲನೇದನ್ನರೆ ಪೂರಾ ಮಾಡ್ತೀವೇನು ಅಂದ್ರ ಅದೂ ಸ್ವಲ್ಪ ಅನುಮಾನನ. ಉಣಕಲ್ ಕೆರಿ, ತೋಳನಕೆರಿ, ಇತ್ತ ಧಾರವಾಡದ ಕೆಲಗೇರಿ, ಯೂನಿವರ್ಸಿಟಿ ಕ್ಯಾಂಪಸ್ಸು, ಎಲ್ಲೇ ನೋಡ್ರಿ, ನಾಕು ಮಂದಿ ಅಡ್ಡಕ್ಕ ಸಾಲು ಹಿಡದು ಪೆನ್ಶನ್ ಮಾತು, ರಾಜಕೀಯ, ಯಾರ ಮಗಳ ಮದವಿ ಎಲ್ಲಿ ಗೊತ್ತಾತು ಅನ್ನೂದನ್ನ ಮಾತಾಡ್ಕೋತ ಹೊಂಟಿರ್ತಾರ. ಮನಸಿಗೆ ಅದು ಛಲೋನ, ಬಿಡಬ್ಯಾಡ್ರಿ. ಆದ್ರ ಪರೀಕ್ಷಾ ಒಂದು ಐತಿ, ನಡಿಯೂ ಮುಂದ ಮಾತಾಡಾಕ ಬರಬೇಕು, ಹಾಡು ಹಾಡಾಕ ಬರಬಾರದು. ಹಾಡು ಹಾಡಾಕ ಆಗ್ತೈತಿ ಅಂದ್ರ ನೀವು ಇನ್ನೂ ಭಾಳ ಹಗೂರ ನಡ್ಯಾಕತ್ತೀರಿ ಅಂತ ಅರ್ಥ. ನಿಮ್ಮ 45ರಾಗ ನಡುವಿನ 15-20 ನಿಮಿಷ ಆದ್ರೂ ಗುಂಪು ಬಿಟ್ಟು ಬಿರಬಿರ ನಡೀರಿ, ಆಮ್ಯಾಲ ಗೆಳ್ಯಾರ ಜೋಡಿ ಕೂಡಕೋರಿ.

ಡ್ರೈವರ್ ಅಂದ್ರೆಲ್ಲಾ, ಅದಕ್ಕ ಇದನ್ನ ಹೇಳಲೇಬೇಕು ಅನಸ್ತು. ವ್ಯಾಯಾಮಕ್ಕೂ ಹೃದಯಕ್ಕೂ ಸಂಬಂಧ ಐತಿ ಅಂತ ಜಗತ್ತಿಗೆ ಮೊದಲ ಗಟ್ಟಿಯಾಗಿ ತೋರ್ಸಿಕೊಟ್ಟವರು ಬಸ್ಸಿನ ಮಂದಿನ. ಜೆರ್ರಿ ಮಾರಿಸ್ ಅನ್ನೂ ಡಾಕ್ಟರು ಮತ್ತ ಅವರ ಜೋಡಿದವರು 1953ರಾಗ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನ ಲೆಕ್ಕಾ ಹೊರಗ ತಂದ್ರು, ದಿನವಿಡೀ ಕುಂತು ಗಾಡಿ ಹೊಡಿಯೂ ಡ್ರೈವರಗೋಳಿಗಿಂತ, ಟಿಕೀಟು ಹರಕೋತ ಮ್ಯಾಲ ಕೆಳಗ ಪಾವಟಿಗಿ ಹತ್ತಿ ಇಳಿಯೂ ಕಂಡಕ್ಟರಗೋಳಿಗೆ ಹೃದಯದ ಕಾಯಿಲೆ ಕಮ್ಮಿ ಇತ್ತು. ಮಜಾ ಏನಂದ್ರ, ಡ್ರೈವರಗೋಳು ಮೊದಲ ದಪ್ಪ ಇದ್ರೇನೋ ಅಂತ ಅನುಮಾನ ಬಂದು ಅವರ ಯುನಿಫಾರ್ಮ್ ಪ್ಯಾಂಟಿನ ಟೊಂಕದ ಅಳತಿನೂ ತಗಿಸಿ 1956ರಾಗ ಅದನ್ನೂ ಪ್ರಕಟ ಮಾಡಿದ್ರು, ಡ್ರೈವರಗೋಳ ಪ್ಯಾಂಟು ಖರೇನ ದೊಡ್ಡವು ಇದ್ದುವು. ನೀವು ಅಷ್ಟು ವರ್ಷ ಸೀಟಿನ ಮ್ಯಾಲ ಕುಂತವರು, ಕ್ಲಚ್ ಒತ್ತಿ ಒತ್ತಿ ಎಡಗಾಲಿಗೆ ಒಂದೀಟು ಕೆಲಸ ಸಿಕ್ಕಿರಬೇಕು ಅಷ್ಟ. ರಿಟೈರ್ ಆದ ಮ್ಯಾಲ ನಡ್ಯಾಕ ಚಾಲೂ ಮಾಡಿದ್ದು ಭಾಳ ಛಲೋ ಕೆಲಸ.

ಈಗ ತಾಕತ್ತಿನ ವಿಷಯ. 30 ದಾಟಿದ ಮ್ಯಾಲ ಹತ್ತು ವರ್ಷಕ್ಕ ನೂರಕ್ಕ 3ರಿಂದ 8ರಷ್ಟು ಸ್ನಾಯು ಕರಗ್ತಾವ, 60 ದಾಟಿದ್ರ ಇನ್ನೂ ಲಗೂ. ತೂಕದ ಕಾಟಾದ ಮ್ಯಾಲ ಇದು ಕಾಣೂದಿಲ್ಲ, ಯಾಕಂದ್ರ ಸ್ನಾಯು ಹೋದ ಜಾಗಾದಾಗ ಕೊಬ್ಬು ಬಂದು ಕುಂತಿರ್ತೈತಿ, ಮಂದಿ "20 ವರ್ಷದಿಂದ ನಂದು ಒಂದ ತೂಕ ನೋಡ್ರಿ" ಅಂತ ಖುಷಿ ಪಡ್ತಾರ. ಸ್ನಾಯು ಸಣ್ಣ ಆಗೂದಕ್ಕಿಂತ ತಾಕತ್ತು ಕಮ್ಮಿ ಆಗೂದು ಇನ್ನೂ ಜೋರು. ಅದರಾಗೂ ಮೊದಲ ಸೊರಗೂವು ಪಟ್ ಅಂತ ಕೆಲಸಾ ಮಾಡೂ ಎಳಿ ಅದಾವಲ್ಲ, ಅವು. ಕಾಲು ಎಡವಿದಾಗ ಇನ್ನೊಂದು ಕಾಲು ಮುಂದ ಹಾಕಿ ಮೈ ತಡಿಯೂವು ಅವ. ಬಾಜೂ ಮನಿಯವರು ಬಿದ್ರು ಅಂದ್ರಿ, ಸಾಬಾಣ ನೀರಿನ ಮ್ಯಾಲ ಕಾಲು ಎಲ್ಲಾರದ್ದೂ ಜಾರ್ತೈತಿ, ಮೊಮ್ಮಗಂದೂ ಜಾರ್ತೈತಿ, ಅಂವ ಸಾವರಿಸ್ಕೋತಾನ, ನಮಗ ಆ ಅರ್ಧ ಸೆಕೆಂಡು ಸಿಗೂದಿಲ್ಲ.

ಇನ್ನೊಂದು, ಇದನ್ನ ನಿಮ್ಮ ಮನ್ಯಾಗ ಎಲ್ಲಾರಿಗೂ ಓದಿ ಹೇಳ್ರಿ. ನಮ್ಮ ಕಡೆ ಯಾರಿಗರೆ ಜ್ವರ ಬಂತು, ಆಪರೇಶನ್ ಆತು ಅಂದ್ರ ಹಾಸಿಗಿ ಬಿಟ್ಟು ಏಳಾಕ ಕೊಡೂದಿಲ್ಲ, ಚಹಾ ಅಲ್ಲೇ, ಊಟ ಅಲ್ಲೇ, ಮಾತಾಡ್ಸಾಕ ಬಂದ ಬೀಗರೂ "ರೆಸ್ಟ್ ತಗೋರಿ, ರೆಸ್ಟ್ ತಗೋರಿ" ಅಂತ ಹೇಳೇ ಹೋಗ್ತಾರ. 2007ರಾಗ ಅಮೆರಿಕಾದಾಗ ಆರಾಮ ಇದ್ದ ವಯಸ್ಸಾದವರನ್ನ ಬರೇ 10 ದಿನ ಹಾಸಿಗಿ ಮ್ಯಾಲ ಮಲಗಿಸಿ ನೋಡಿದ್ರ ಕಾಲಿನ ಸ್ನಾಯುನ ಹತ್ತರತ್ರ 1 ಕೆಜಿ ಕಮ್ಮಿ ಆಗಿದ್ದುವು. ಬ್ಯಾನಿ ಇಲ್ಲದವರಿಗೆ ಹಿಂಗಾದ್ರ ಬ್ಯಾನಿ ಬಿದ್ದವರ ಗತಿ ವಿಚಾರ ಮಾಡ್ರಿ. ಡಾಕ್ಟರು ಏಳಬ್ಯಾಡ ಅಂತ ಖಡಕ್ ಹೇಳಿದ್ರ ಬ್ಯಾರೆ ಮಾತು, ಇಲ್ಲಾಂದ್ರ ದಿನಕ್ಕ ನಾಕೈದು ಸಲ ಎದ್ದು ಪಡಸಾಲಿ ತನಕಾರೆ ಅಡ್ಡಾಡ್ರಿ.

"ವಯಸ್ಸಾತು, ಇನ್ನೆಲ್ಲಿ ತಾಕತ್ತು ಬರ್ತೈತಿ" ಅಂತೀರೇನೋ. 1990ರಾಗ ಬಾಸ್ಟನ್‌ನಾಗ ವೃದ್ಧಾಶ್ರಮದಾಗಿದ್ದ ಸುಮಾರು 90 ವಯಸ್ಸಿನ ನಿಶ್ಶಕ್ತ ಮಂದಿಗೆ, ಅದರಾಗ ಕೆಲವರು ಕೋಲು ಹಿಡದು ನಡಿಯೂವರು, 8 ವಾರ ಕಾಲಿಗೆ ವಜ್ಜಾ ಹಾಕಿ ವ್ಯಾಯಾಮ ಮಾಡ್ಸಿದ್ರು. ತಾಕತ್ತು ಸರಾಸರಿ ನೂರಕ್ಕ 174ರಷ್ಟು ಏರ್ತು, ಅಂದ್ರ ಎರಡೂವರಿ ಪಟ್ಟಿಗಿಂತ ಹೆಚ್ಚು. ಇದ್ದವರು ಹತ್ತ ಮಂದಿ, ಸಣ್ಣ ಪ್ರಯೋಗ ಖರೆ, ಆದ್ರ ಅದರ ಹಿಂದ ಬಂದ ದೊಡ್ಡ ದೊಡ್ಡ ಪ್ರಯೋಗನೂ ವಯಸ್ಸಾದ ಸ್ನಾಯು ವಜ್ಜಾ ಹಾಕಿದ್ರ ಬೆಳೀತೈತಿ ಅಂತನ ಹೇಳ್ಯಾವ. 68 ಅಂದ್ರ ನನ್ನ ಲೆಕ್ಕದಾಗ ಇನ್ನೂ ಹುಡುಗ್ರ ಬಾಜೂನ.

ಮೊದಲ ನಿಮ್ಮ ಸದ್ಯದ ಸ್ಥಿತಿ ನೋಡಿಕೋರಿ. ಸೋಫಾ ಬ್ಯಾಡ, ಹಿಡಿಕಿ ಇಲ್ಲದ ಗಟ್ಟಿ ಖುರ್ಚಿ, ಸುಮಾರು 43 ಸೆಂಟಿಮೀಟರ್ ಎತ್ತರದ್ದು, ಗ್ವಾಡಿಗೆ ಆನಸಿ ಇಡ್ರಿ. ಕೈ ಎರಡೂ ಎದಿ ಮ್ಯಾಲ ಕಟ್ಕೋರಿ. ಮಗಗ ಮೊಬೈಲ್‌ನಾಗ 30 ಸೆಕೆಂಡ್ ಹಚ್ಚಾಕ ಹೇಳ್ರಿ, ಪೂರಾ ಎದ್ದು ನಿಂತು ಮತ್ತ ಕುಂದ್ರಬೇಕು, ಎಷ್ಟು ಸಲ ಆಗ್ತೈತಿ ಎಣಸ್ರಿ. ಅಮೆರಿಕಾದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರ ತಖ್ತೆ ಪ್ರಕಾರ 65ರಿಂದ 69ರ ಗಂಡಸರಿಗೆ 12ಕ್ಕಿಂತ ಕಮ್ಮಿ ಬಂದ್ರ ಬೀಳೂ ಭಯಾ ಹೆಚ್ಚು, ನಿಮ್ಮ ಮನಿಯವರ ವಯಸ್ಸಿಗೂ, ಅಂದ್ರ 60ರಿಂದ 64ರ ಹೆಣಮಕ್ಕಳಿಗೆ, 12 ಲೆಕ್ಕಾ. ಅದು ಅವರ ಮಂದಿ ನೋಡಿ ಮಾಡಿದ ತಖ್ತೆ, ನಮಗ ಒಂದೆರಡು ಹೆಚ್ಚುಕಮ್ಮಿ ಆದೀತು, ನಂಬರಿಗೆ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ, ಬರದು ಇಟ್ಕೋರಿ, ಎರಡು ತಿಂಗಳಿಗೆ ಮತ್ತ ನೋಡ್ರಿ. ಆಮ್ಯಾಲ ಅಡಗಿ ಕಟ್ಟಿ ಬಾಜೂಕ ನಿಂತು ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಂಬಡ ಹಚ್ಚಿ, ಹಗ್ಗದ ಮ್ಯಾಲ ನಿಂತಂಗ, ಕೈ ಬಿಟ್ಟು 10 ಸೆಕೆಂಡ್ ನಿಂದ್ರಾಕ ಬರ್ತೈತೇನು ನೋಡ್ರಿ. ಬರಲಿಲ್ಲಾಂದ್ರ ಬ್ಯಾಲೆನ್ಸಿನ ಕೆಲಸಾ ಅವತ್ತಿಂದನ ಚಾಲೂ ಮಾಡಬೇಕು. ಹತ್ರ ಒಬ್ಬರು ಇರಲಿ, ಒಬ್ಬರ ಇದ್ದಾಗ ಈ ಪರೀಕ್ಷಾ ಬ್ಯಾಡ.

ವ್ಯಾಯಾಮ ಅಂದ್ರ ಮತ್ತೇನಿಲ್ಲ, ಆ ಖುರ್ಚಿನ ಮೊದಲ ವ್ಯಾಯಾಮ. ಆದ್ರ ಮಾಡೂ ರೀತಿ ಐತಿ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಖುರ್ಚಿಯ ಮುಂದಿನ ಅಂಚಿಗೆ ಸರದು ಕುಂದ್ರಿ, ಪಾದ ಮೊಳಕಾಲಿಗಿಂತ ಒಂದೀಟು ಹಿಂದ ತಗೋರಿ, ಎದಿ ಮುಂದ ಬಾಗಸ್ರಿ, ಮೂಗು ಬೆರಳಿನ ನೇರಕ್ಕ ಬರೂ ಹಂಗ, ಆಮ್ಯಾಲ ಹಿಂಬಡ ನೆಲಕ್ಕ ಒತ್ತಿ ಏಳ್ರಿ. ಭಾಳ ಮಂದಿಗೆ ಏಳಾಕ ಆಗದ ಇರೂದು ಅರ್ಧಾ ಇದಕ್ಕನ, ಪಾದ ಮುಂದ ಚಾಚಿ, ಮೈ ಹಿಂದ ಇಟ್ಕೊಂಡು ಏಳಾಕ ನೋಡ್ತಾರ, ಹೆಂಗ ಆಗಬೇಕು? ಏಳೂ ಮುಂದ ಉಸಿರು ಬಿಡ್ರಿ, ಹಿಡಕೋಬ್ಯಾಡ್ರಿ, ಬೀಪಿ ಇದ್ದವರಿಗೆ ಇದು ಮುಖ್ಯ. ಇಳಿಯೂ ಮುಂದ ಧೊಪ್ ಅಂತ ಬೀಳಬ್ಯಾಡ್ರಿ, ಮೂರು ಎಣಸ್ಕೋತ ಸಾವಕಾಶ ಇಳೀರಿ, ಯಾಕಂದ್ರ ಇಳಿಯೂ ಮುಂದೂ ಅಷ್ಟ ಸ್ನಾಯು ಬೆಳೀತಾವ, ಪಾವಟಿಗಿ ಇಳಿಯೂದು, ಬಸ್ಸಿಂದ ಇಳಿಯೂದು ಎಲ್ಲಾ ಈ ತಾಕತ್ತ. ಹತ್ತು ಸಲ, ಸ್ವಲ್ಪ ದಮ್ ತಗೊಂಡು ಮತ್ತ ಹತ್ತು. ವಾರಕ್ಕ ಮೂರು ದಿನ, ನಡುವ ಒಂದೊಂದು ದಿನ ಬಿಟ್ಟು.

ಎರಡು ವಾರಕ್ಕ ಅದು ಸಸಾರ ಆಗ್ತೈತಿ. ಇಲ್ಲೇ ಎಲ್ಲಾರೂ ನಿಂದ್ರೂದು. ಆರು ತಿಂಗಳಾದ್ರೂ ಅದ ಹತ್ತು, ಅದ ಖುರ್ಚಿ. ಸಸಾರ ಆದ ಮ್ಯಾಲ ಅದು ತಾಕತ್ತಿನ ವ್ಯಾಯಾಮ ಆಗಿ ಉಳಿಯೂದಿಲ್ಲ, ಕಡೀ ಎರಡು ಸಲ ತ್ರಾಸ್ ಆಗಬೇಕು, ಆಗಲಿಲ್ಲಾಂದ್ರ ಏರಿಸ್ರಿ. ಎರಡು ಲೀಟರಿನ ನೀರಿನ ಬಾಟ್ಲಿ ಎದಿಗೆ ಅವಚಿಕೊಂಡು ಏಳ್ರಿ, ಆಮ್ಯಾಲ 5 ಕೆಜಿ ಹಿಟ್ಟಿನ ಪ್ಯಾಕೆಟ್, ಆಮ್ಯಾಲ ಅದಕ್ಕಿಂತ ಗಿಡ್ಡ ಸ್ಟೂಲು. ಗಿಡ್ಡ ಸ್ಟೂಲಿನಿಂದ ಕೈ ಊರದ ಏಳಾಕ ಬಂತು ಅಂದ್ರ ಮಠದ ಪಂಕ್ತಿ ದೂರ ಇಲ್ಲ.

ಇದರ ಜೋಡಿ ಅಡಗಿ ಕಟ್ಟಿ ಹಿಡದು ಹಿಂಬಡ ಎತ್ತಿ ಇಳಸೂದು (ಮೀನಖಂಡಕ್ಕ), ಗ್ವಾಡಿಗೆ ಕೈ ಊರಿ ದಂಡ ಹೊಡದಂಗ ಮಾಡೂದು (ಎದಿ, ರಟ್ಟಿಗೆ), ಮನಿ ಮುಂದಿನ ಒಂದ ಪಾವಟಿಗಿ ಹತ್ತಿ ಇಳಿಯೂದು. ನೀರು ಬಂದ ದಿನ ಬಕೀಟು ಮಗನ ಕೈಯಾಗ ಕೊಡಬ್ಯಾಡ್ರಿ, ಎರಡು ಅರ್ಧ ಬಕೀಟು ಎರಡೂ ಕೈಯಾಗ ಹಿಡದು ನೀವ ಒಯ್ಯಿರಿ, ಒಂದ ತುಂಬಿದ ಬಕೀಟು ಒಂದ ಕೈಯಾಗ ಒಯ್ದು ಟೊಂಕ ಹಿಡಿಸ್ಕೋಬ್ಯಾಡ್ರಿ. ನೆಲಕ್ಕ ಕುಂತು ಏಳೂದನ್ನೂ ಬ್ಯಾರೆ ಕಲೀಬೇಕು. ಹಾಸಿಗಿ ಹಾಸಿ, ಬಾಜೂಕ ಗಟ್ಟಿ ಖುರ್ಚಿ ಇಟ್ಕೊಂಡು, ಮೊದಲ ಒಂದು ಮಗ್ಗಲಕ್ಕ ಹೊಳ್ಳಿ, ಕೈ ಊರಿ, ನಾಕು ಕಾಲಿನ ಮ್ಯಾಲ ಬಂದು, ಒಂದು ಪಾದ ಮುಂದ ಊರಿ, ಖುರ್ಚಿ ಹಿಡದು ಏಳೂದು. ಬಿದ್ದರೂ ಎಲಬು ಮುರೀದಿದ್ರ ತಾವ ಎದ್ದು ಬರಾಕ ಇದ ದಾರಿ, ಬಿದ್ದ ಎಷ್ಟೋ ಮಂದಿ ಯಾರರೆ ಬರೂ ತನಕ ತಂಪು ನೆಲದ ಮ್ಯಾಲ ಹಂಗ ಬಿದ್ದಿರ್ತಾರ.

ಬ್ಯಾಲೆನ್ಸಿಗೆ ದಿನಾ ಹಲ್ಲು ತಿಕ್ಕೂ ಮುಂದ ಸಿಂಕ್ ಹಿಡದು ಒಂಟಿಗಾಲ ಮ್ಯಾಲ ನಿಂದ್ರೂದು, ಎರಡು ಬೆರಳಿನ ಆಧಾರಕ್ಕ ಬರೂದು, ಆಮ್ಯಾಲ ಬಿಡೂದು. ಪಡಸಾಲ್ಯಾಗ ಗ್ವಾಡಿ ಗುಂಟ ಹಿಂಬಡ-ಬೆರಳು ಹಚ್ಚಿ ಹಗ್ಗದಂಗ ನಡಿಯೂದು. ನ್ಯೂಜಿಲೆಂಡಿನ ಒಟಾಗೊದಾಗ ಇಂಥವನ್ನ ಸೇರಿಸಿ, ಮನ್ಯಾಗ ಮಾಡೂ ಹಂಗ ಒಂದು ಕಾರ್ಯಕ್ರಮ ಮಾಡ್ಯಾರ, ಅದರಿಂದ ಬೀಳೂದು ಸುಮಾರು ಮೂರರಾಗ ಒಂದು ಪಾಲು ಕಮ್ಮಿ ಆತು. ಅದರಾಗ ಮಶೀನೂ ಇಲ್ಲ, ಜಿಮ್ಮೂ ಇಲ್ಲ, ಕಾಲಿಗೆ ಕಟ್ಟೂ ವಜ್ಜಾ ಅಷ್ಟ.

ನಮ್ಮ ಕಡೆ ಇದು ಹೊಸಾ ವಿಚಾರ ಏನಲ್ಲ. ಗರಡಿಮನ್ಯಾಗ ಬೈಠಕ್ ಹೊಡೀತಿದ್ರು, ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತತಿದ್ರು, ಸಾಮು ಅಂದ್ರ ಧಾರವಾಡ, ಗದಗ, ಹಾವೇರಿ ಕಡೆ ಎಲ್ಲಾರಿಗೂ ಗೊತ್ತು. ಆದ್ರ ಸಾಮು ಅಂದ್ರ ಹರೇದ ಹುಡುಗ್ರಿಗೆ, ವಯಸ್ಸಾದವರಿಗೆ ಕಟ್ಟಿ ಮ್ಯಾಲ ಕುಂತು ನೋಡೂದು ಅಂತ ಆಗಿಬಿಟ್ಟೈತಿ, ಇದು ನನಗ ಸಿಟ್ಟು ಬರೂ ವಿಷಯ. ಸಾಮಿನ ಜರೂರಿ ಹರೇದವರಿಗಿಂತ 70 ಆದವರಿಗೆ ಹೆಚ್ಚು.

ಹಂಗಾದ್ರ ಜಿಮ್ಮು? ಮಗನ ಮಾತು ತಪ್ಪಲ್ಲ. ಹೋಗೂದಾದ್ರ ಹೋಗ್ರಿ, ಆದ್ರ ಟ್ರೇನರ್ ಎಂಥಾಂವ ಅಂತ ನೋಡ್ರಿ. ಬಂದ ಕೂಡ್ಲೆ ಬೀಪಿ, ಶುಗರ್, ಹಳೇ ಆಪರೇಶನ್, ಯಾವ ಗುಳಗಿ ನಡದಾವ ಅಂತ ಕೇಳಾಂವ ಇದ್ರ ನಿಂದ್ರಿ, ಏನೂ ಕೇಳದ ಟ್ರೆಡ್‌ಮಿಲ್ ಹತ್ತಸಾಂವ ಇದ್ರ, ಇಲ್ಲಾ ಮೊದಲ ದಿನಾನ ಪ್ರೋಟೀನ್ ಡಬ್ಬಿ ಮಾರಾಕ ಬರಾಂವ ಇದ್ರ ಹೊಳ್ಳಿ ಬರ್ರಿ. ಕಾಲಿಲೆ ತಳ್ಳೂ ಮಶೀನು, ಕುಂತು ಎಳಿಯೂ ಮಶೀನು ಇವೆರಡು ನಿಮಗ ಛಲೋ. ರೊಕ್ಕಾ ಕೊಡಾಕ ಮನಸಿಲ್ಲಾಂದ್ರ ಮನ್ಯಾಗಿನ ಖುರ್ಚಿ ಸಾಕು, ನಾಚಿಕಿ ಪಡೂದು ಬ್ಯಾಡ.

10,000 ಹೆಜ್ಜಿ ಎಲ್ಲಿಂದ ಬಂತು ಗೊತ್ತೇನ್ರಿ? 1965ರಾಗ ಜಪಾನಿನ ಒಂದು ಕಂಪನಿ ಹೆಜ್ಜಿ ಎಣಸೂ ಯಂತ್ರಾ ಮಾರಾಕ ಇಟ್ಟ ಹೆಸರು ಅದು, "10,000 ಹೆಜ್ಜಿ ಮೀಟರ್" ಅಂತ. ಆಮ್ಯಾಲ ವಿಜ್ಞಾನದವರು ಅಳದು ನೋಡಿದಾಗ, ಸರಾಸರಿ 72 ವಯಸ್ಸಿನ ಹೆಣಮಕ್ಕಳ ಮ್ಯಾಲ 2019ರಾಗ ಬಂದ ಅಧ್ಯಯನದಾಗ, ದಿನಕ್ಕ 2,700 ಹೆಜ್ಜಿ ಹಾಕೂವರಿಗಿಂತ 4,400 ಹಾಕೂವರಾಗ ಸಾವು ಸಾಕಷ್ಟು ಕಮ್ಮಿ ಇತ್ತು, 7,500ರ ತನಕ ಫಾಯ್ದೆ ಏರ್ತು, ಅಲ್ಲಿಂದ ಮುಂದ ಸಪಾಟ. ನಿಮ್ಮ 45 ನಿಮಿಷದ ವಾಕಿಂಗಿನಾಗ ಸುಮಾರು 4,500 ಬಂದಿರ್ತಾವ, ಮನಿ ಓಡಾಟ ಕೂಡಿಸಿದ್ರ ಸಾಕಷ್ಟಾತು. 10,000 ಮುಟ್ಟಸ್ಬೇಕಂತ ರಾತ್ರಿ ಮನ್ಯಾಗ ಸುತ್ತ ಹೊಡಿಯೂ ಆ ಅರ್ಧ ತಾಸು ಖುರ್ಚಿ ವ್ಯಾಯಾಮಕ್ಕ ಕೊಡ್ರಿ. ಶುಗರ್ ಇದ್ದದ್ದಕ್ಕ ಇನ್ನೊಂದು ಮಾತು, ಮುಂಜಾನೆ ಒಂದ ಸಲ ನಡಿಯೂದರ ಜೋಡಿ ರಾತ್ರಿ ಊಟ ಆದ ಮ್ಯಾಲ 15 ನಿಮಿಷ ಓಣ್ಯಾಗ ಅಡ್ಡಾಡ್ರಿ, ಉಂಡ ಕೂಡ್ಲೆ ಏರೂ ಶುಗರಿಗೆ ಅದು ಭಾಳ ಛಲೋ ಕೆಲಸಾ ಮಾಡ್ತೈತಿ.

ಈಗ ನಿಮ್ಮ ಮನಿಯವರ ಮಾತು. ಅಕ್ಕಾರ, ಇದನ್ನ ನೀವ ಓದ್ರಿ. ಮನಿಗೆಲಸ ಹಗೂರ ಅಂತ ನಾ ಅನ್ನೂದಿಲ್ಲ, ಆದ್ರ ದಣಿವು ಬ್ಯಾರೆ, ತಾಕತ್ತು ಬರೂದು ಬ್ಯಾರೆ. ದಿನವಿಡೀ ಒಲಿ ಮುಂದ ನಿಂತು, ಬಗ್ಗಿ ಕಸಾ ಹೊಡದು ಟೊಂಕ ನೋಯ್ತೈತಿ, ತೊಡಿ ಸ್ನಾಯುವಿಗೆ ಏರಿಸ್ಕೋತ ಹೋಗೂ ವಜ್ಜಾ ಎಲ್ಲೂ ಬೀಳೂದಿಲ್ಲ. ಮೊಳಕಾಲು ಸವೀತಾವ ಅನ್ನೂದು ಎಲ್ಲಾರೂ ಹೇಳೂ ಮಾತು, ಎಕ್ಸ್‌ರೇ ನೋಡಿ "ಸವದಾವ" ಅಂತ ಡಾಕ್ಟರೂ ಹೇಳ್ತಾರ, ಅದರಿಂದ ಮಂದಿ ಅಂಜಿ ನಡಿಯೂದ ಬಿಡ್ತಾರ, ಬಿಟ್ಟಷ್ಟು ತೊಡಿ ಸ್ನಾಯು ಸೊರಗ್ತಾವ, ಸೊರಗಿದಷ್ಟು ಎಲ್ಲಾ ಭಾರ ಕೀಲಿನ ಮ್ಯಾಲ, ನೋವು ಇನ್ನೂ ಜಾಸ್ತಿ. ಮೊಳಕಾಲ ಸಂಧಿವಾತಕ್ಕ ಜಗತ್ತಿನಾಗ ಎಲ್ಲಾ ಕಡೆ ಮೊದಲ ಹೇಳೂ ಉಪಚಾರ ವ್ಯಾಯಾಮನ. ಕಟ್ ಕಟ್ ಸಪ್ಪಳ ಬರ್ತೈತಿ ಅಂತನೂ ಅಂಜಬ್ಯಾಡ್ರಿ, ನೋವು, ಬಾವು ಇಲ್ಲದ ಸಪ್ಪಳಕ್ಕ ಬೆಲಿ ಇಲ್ಲ.

ನೀವು ಖುರ್ಚಿಯಿಂದ ಚಾಲೂ ಮಾಡಬ್ಯಾಡ್ರಿ. ಮಂಚದ ಮ್ಯಾಲ ಕಾಲು ಚಾಚಿ ಕುಂತು, ಟಾವೆಲ್ ಸುತ್ತಿ ಮೊಳಕಾಲಿನ ಕೆಳಗ ಇಟ್ಟು, ಟಾವೆಲ್ಲನ್ನ ಹಾಸಿಗ್ಯಾಗ ಒತ್ತೂ ಹಂಗ ಮೊಳಕಾಲು ಕೆಳಗ ಒತ್ರಿ, ತೊಡಿ ಮುಂದಿನ ಸ್ನಾಯು ಕಲ್ಲಿನಂಗ ಬಿಗಿ ಆಗೂದು ಕೈಯಿಂದ ಮುಟ್ಟಿ ನೋಡ್ರಿ, ಐದು ಎಣಸಿ ಬಿಡ್ರಿ. ಹತ್ತು-ಹದಿನೈದು ಸಲ, ದಿನಕ್ಕ ಎರಡು ಹೊತ್ತು. ಒಂದೆರಡು ವಾರ ಆದ ಮ್ಯಾಲ ಎರಡು ದಿಂಬು ಹಾಕಿ ಎತ್ತರ ಮಾಡಿದ ಖುರ್ಚಿಯಿಂದ ಏಳೂದು. ನೋವಿಗೆ ಒಂದು ಲೆಕ್ಕಾ ಹೇಳ್ತೀನಿ, ಹತ್ತಕ್ಕ ಮೂರು-ನಾಕರಷ್ಟು ನೋವು ಬಂದ್ರ ನಡೀತೈತಿ, ಮರುದಿನ ಮುಂಜಾನೆ ಅದು ಮೊದಲಿನಂಗ ಇಳದಿರಬೇಕು, ಇಳೀಲಿಲ್ಲಾಂದ್ರ ನಿನ್ನೆ ಹೆಚ್ಚಾತು ಅಂತ ಅರ್ಥ, ಕಮ್ಮಿ ಮಾಡ್ರಿ, ಬಿಡಬ್ಯಾಡ್ರಿ. ಮೊಳಕಾಲು ಬಿಸಿ ಆಗಿ ಬಾತ್ರ, ನಡೂ ದಾರ್ಯಾಗ ಲಾಕ್ ಆದ್ರ ತೋರಸ್ರಿ. ತೂಕ ಹೆಚ್ಚಿದ್ರ 1 ಕೆಜಿ ಇಳಿದದ್ದಕ್ಕ ಪ್ರತಿ ಹೆಜ್ಜಿಗೆ ಮೊಳಕಾಲಿನ ಮ್ಯಾಲಿನ ಭಾರ ಸುಮಾರು 4 ಕೆಜಿ ಇಳೀತೈತಿ, ಅಂದ್ರ ಐದು ಕೆಜಿ ಅನ್ನೂದು ಸಣ್ಣ ಮಾತಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಆದ್ರ ಹೇಳದ ಬಿಟ್ರ ಮ್ಯಾಲಿಂದೆಲ್ಲಾ ಅರ್ಧಾ ಆಗ್ತೈತಿ. ವಯಸ್ಸಾದವರಿಗೆ ತೂಕದ ಕೆಜಿಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ನೀವು 65 ಕೆಜಿ ಇದ್ರ ದಿನಕ್ಕ 65ರಿಂದ 78 ಗ್ರಾಂ. ನಮ್ಮ ಊಟ ಮೂಲದಾಗ ಕೆಟ್ಟದಲ್ಲ. 100 ಗ್ರಾಂ ಜೋಳದ ಹಿಟ್ಟಿನಾಗ 10 ಗ್ರಾಂ ಐತಿ, ಜೋಳದಾಗ ಕಮ್ಮಿ ಇರೂ ಲೈಸಿನ್ ಅನ್ನೂ ಪ್ರೋಟೀನಿನ ಅಂಶ ಕಾಳು-ಬ್ಯಾಳ್ಯಾಗ ಸಿಗ್ತೈತಿ, ರೊಟ್ಟಿ ಜೋಡಿ ಝುಣಕ, ಮಡಿಕಿ ಕಾಳು, ಹೆಸರ ಕಾಳು ಇಟ್ಟವರು ಶಾಣ್ಯಾ ಮಂದಿ. ತೊಂದ್ರಿ ಎಲ್ಲೈತಿ ಅಂದ್ರ, ಮುಂಜಾನೆ ಚಹಾ-ಬಿಸ್ಕೀಟು, ಆಮ್ಯಾಲ ಅವಲಕ್ಕಿ ಇಲ್ಲಾ ಸುಸಲಾ, ಮಧ್ಯಾಹ್ನ ಒಂದ ಹೊತ್ತು ಪದ್ಧತಶೀರ ಊಟ, ಸಂಜಿಕ ಗಿರ್ಮಿಟ್ ಮಿರ್ಚಿ, ರಾತ್ರಿ "ಹಗೂರ ಇರಲಿ" ಅಂತ ಅನ್ನ-ಸಾರು. ಕಾಳು ಬಂದದ್ದು ಒಂದ ಸಲ, ಅದೂ ನಾಕು ಚಮಚ. ಪಲ್ಯಾ ಅಂದ್ರ ರೊಟ್ಟಿಗೆ ಹಚ್ಚೂದು ಅಂತ ತಿಳೀಬ್ಯಾಡ್ರಿ, ಬಟ್ಟಲ ತುಂಬ ಉಣ್ರಿ. 50 ಗ್ರಾಂ ಕಡ್ಲಿ ಹಿಟ್ಟಿನ ಝುಣಕದಾಗ 11 ಗ್ರಾಂ, ಒಂದು ಹಿಡಿ ಶೇಂಗಾದಾಗ 7, ದೊಡ್ಡ ಲೋಟ ಹಾಲಿನಾಗ 8, ತತ್ತಿ ತಿನ್ನೂವರಿದ್ರ ಒಂದಕ್ಕ 6. ಮುಂಜಾನೆ ಮೊಳಕಿ ಕಾಳು, ರಾತ್ರಿ ಗಟ್ಟಿ ಬ್ಯಾಳಿ, ಮಸರು, ಇಷ್ಟು ಸೇರಿಸಿದ್ರ ಡಬ್ಬಿ ಪೌಡರಿನ ಗೊಡವಿ ಇಲ್ಲ. ಕಿಡ್ನಿ ತೊಂದ್ರಿ ಐತಿ ಅಂತ ಯಾರರೆ ಹೇಳಿದ್ರ ಮಾತ್ರ ಈ ಲೆಕ್ಕಾ ನಿಮಗಲ್ಲ, ಡಾಕ್ಟರಿಗೆ ಕೇಳಿ ಉಣ್ರಿ.

ಮಳಿಗಾಲದಾಗ ಧಾರವಾಡ-ಹುಬ್ಬಳ್ಳಿ ಜಿಟಿಜಿಟಿ ಮಳ್ಯಾಗ ಪಾಚಿ ಹಿಡದ ಫುಟ್‌ಪಾತ್ ಮ್ಯಾಲ ಹಠಾ ಹಿಡದು ನಡಿಯೂದು ಬ್ಯಾಡ, ಅವತ್ತು ಮನ್ಯಾಗಿನ ವ್ಯಾಯಾಮ ಮಾಡ್ರಿ. ಸವದ ಹವಾಯಿ ಚಪ್ಪಲ್ ಒಗೀರಿ, ಹಿಂಬಡಕ್ಕ ಬಿಗಿ ಇರೂ ಬೂಟು ತಗೋರಿ. ಬಚ್ಚಲದಾಗ ನಳಾ ಹಿಡದು ಏಳೂದು ಬಿಡ್ರಿ, ಅದು ಮೈ ಭಾರ ಹೊರೂದಿಲ್ಲ, ಗ್ವಾಡಿಗೆ ಸ್ಟೀಲಿನ ಹಿಡಿಕಿ ಕೂಡ್ರಿಸ್ರಿ, ಪ್ಲಂಬರ್ ಒಂದ ಹೊತ್ತಿನಾಗ ಮಾಡಿ ಹೋಗ್ತಾನ. ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿಗೆ ಪ್ಲಾಟ್‌ಫಾರ್ಮ್ ಮಟ್ಟಕ್ಕ ಬಾಗಲಾ ಐತಿ, ಆರಾಮ ಹತ್ತಬಹುದು, ಹಳ್ಳಿ ಬಸ್ಸಿನ ಮೊದಲನೇ ಪಾವಟಿಗಿ ಎಷ್ಟು ಎತ್ತರ ಅಂತ ನಿಮಗ ನಾ ಹೇಳಬೇಕೇನು, ಅದನ್ನ ಕೈಯಿಂದ ಜಗ್ಗಲಾರದ ಹತ್ತಾಕ ಬಂದ್ರ ಕಾಲು ಛಲೋ ಅದಾವ ಅಂತ ತಿಳೀರಿ.

ಚಾಲೂ ಮಾಡೂ ಮೊದಲ ನಿಮ್ಮ ಗುಳಗಿ ಚೀಟಿ ಹಿಡಕೊಂಡು ಡಾಕ್ಟರ ಕಡೆ ಒಂದು ಸಲ ಹೋಗಿ ಬರ್ರಿ, ಗುಳಗಿ ಹೆಸರು ನೀವು ಬರದಿಲ್ಲ, ಅದಕ್ಕ ಹೇಳಾಕತ್ತೀನಿ. ಶುಗರಿಗೆ ಗ್ಲಿಮೆಪಿರೈಡ್ ಥರದ್ದು ಇಲ್ಲಾ ಇನ್ಸುಲಿನ್ ಇದ್ರ ಖಾಲಿ ಹೊಟ್ಟ್ಯಾಗ ಜೋರ್ ವ್ಯಾಯಾಮ ಮಾಡಿದ್ರ ಶುಗರ್ ಇಳದು ಬೆವರು, ನಡುಕ ಬರಬಹುದು. ಮೊದಲ ಒಂದಿಷ್ಟು ದಿನ ಮೀಟರ್‌ಲೇ ನೋಡ್ರಿ, 100ಕ್ಕಿಂತ ಕಮ್ಮಿ ಇದ್ರ ಏನರೆ ತಿಂದು ಮಾಡ್ರಿ, ಕಿಸೆದಾಗ ಸಕ್ಕರಿ ಪುಡಿಕಿ ಇರಲಿ. ಶುಗರಿನ ಮೆಟ್‌ಫಾರ್ಮಿನ್ ಗುಳಗಿ ಭಾಳ ವರ್ಷದಿಂದ ನಡದಿದ್ರ, ಅದರಾಗೂ ನೀವು ಕಾಯಿಪಲ್ಯಾ ಊಟದವರಿದ್ರ, ವಿಟಮಿನ್ ಬಿ12 ಒಂದು ಸಲ ತಗಿಸಿ ನೋಡ್ರಿ, ಅದು ಕಮ್ಮಿ ಆದ್ರ ಅಂಗಾಲು ಜೋಮು ಹಿಡದು ಬ್ಯಾಲೆನ್ಸ್ ಕೆಡ್ತೈತಿ, ಅದಕ್ಕ ವ್ಯಾಯಾಮ ಮದ್ದಲ್ಲ. ಬೀಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ಇದ್ರ ನಾಡಿ ಅಷ್ಟಾಗಿ ಏರೂದಿಲ್ಲ, ವಾಚು ತೋರಿಸೂ ನಂಬರ್ ಬಿಟ್ಟು ಮಾತು-ಹಾಡಿನ ಪರೀಕ್ಷಾನ ನಂಬ್ರಿ. ಪ್ರೋಸ್ಟೇಟ್ ಗುಳಗಿನೂ ಇದ್ರ ಅದನ್ನೂ ಹೇಳ್ರಿ, ಎರಡೂ ಕೂಡಿ ಎದ್ದ ಕೂಡ್ಲೆ ಬೀಪಿ ಇಳಸ್ತಾವ, ರಾತ್ರಿ ಕಾಲ್ಮಡಿಗೆ ಏಳೂ ಮುಂದ ಮಂಚದ ಅಂಚಿಗೆ ಒಂದು ನಿಮಿಷ ಕುಂತು ಕಾಲು ಅಲ್ಲಾಡಿಸಿ ಆಮ್ಯಾಲ ಏಳ್ರಿ, ದೀಪ ಹಚ್ಚಿ ಹೋಗ್ರಿ. ಬೀಪಿ 180/110ಕ್ಕಿಂತ ಮ್ಯಾಲ ಇದ್ದ ದಿನ, ಜ್ವರ ಇದ್ದ ದಿನ ವಜ್ಜಾ ಎತ್ತೂದು ಬ್ಯಾಡ. ಮಾಡೂ ಮುಂದ ಎದಿ ಹಿಡದಂಗ ಆದ್ರ, ದವಡಿಗೆ ಇಲ್ಲಾ ಎಡಗೈಗೆ ನೋವು ಬಂದ್ರ, ತಣ್ಣನ ಬೆವರು ಬಂದ್ರ ಗ್ಯಾಸ್ ಅಂತ ಸೋಡಾ ಕುಡಕೋತ ಕುಂದ್ರಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ಇನ್ನ ಕಾಲು ಚೂರು ನೋಯ್ತಾವ ಅನ್ನೂದು ಮೊದಲ ವಾರ ಎಲ್ಲಾರಿಗೂ ಇದ್ದದ್ದ, ಎರಡು ದಿನದಾಗ ಹೋಗ್ತೈತಿ, ಅದಕ್ಕ ಅಂಜಿ ಬಿಡಬ್ಯಾಡ್ರಿ. ಎರಡು ತಿಂಗಳಾದ ಮ್ಯಾಲ ಖುರ್ಚಿ ನಂಬರ್ ಎಷ್ಟಾತು ಅಂತ ಇಬ್ಬರದ್ದೂ ಬರದು ಕಳಸ್ರಿ.